ಕೇಳಿಸಿದ್ದು ‘ಲಿ’ ಮಾತ್ರ

ನಮ್ಮ ಕಡೆ ಮೀನುಗಳಿಗೆ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ಸಾಮಿಲ್ಲಿನಲ್ಲಿ ದುಡಿಯುವವರ ಮೇಲೆ ಕರುಣೆ ಇರಲಿಲ್ಲ ಎಂಬುದು ಖಂಡಿತ. ತಾರ್ಲಿ, ನೊಗ್ಲಿ, ಶೆಟ್ಲಿ. ಎಲ್ಲವೂ ‘ಲಿ’ಯಲ್ಲೇ ಮುಗಿಯುತ್ತವೆ. ತಾರ್ಲಿ ದಿನದ ಸಾರಿಗೆ, ನೊಗ್ಲಿ ನೆಂಟರ ಮರ್ಯಾದೆಗೆ, ಶೆಟ್ಲಿಯೆಂದರೆ ಸಿಗಡಿ. ಮರ್ಯಾದೆಯೆಲ್ಲ ಇರುವುದು ಹೆಸರಿನ ಮುಂಭಾಗದಲ್ಲಿ. ಆ ಮುಂಭಾಗವೇ ಕೇಳಿಸದವನ ಗತಿ ಏನು?

ನಾನು ಏಳನೇ ಇಯತ್ತೆಯಲ್ಲೇ ಶಾಲೆಗೆ ಕೈಮುಗಿದು ಅಂಕೋಲೆಯ ಸಾಮಿಲ್ಲು ಸೇರಿದವನು. ಪುಸ್ತಕ ಓದಲಿಲ್ಲ, ಗರಗಸ ಓದಿದೆ. ದಿಮ್ಮಿಯೊಳಗೆ ಹಳೆಯ ಮೊಳೆ ಹುದುಗಿದ್ದರೆ ಗರಗಸದ ದನಿ ಒಂದೆಳೆ ಬದಲಾಗುತ್ತದೆ. ಅಷ್ಟರಲ್ಲೇ ನಾನು ಮಿಷನ್ ಬಂದ್ ಮಾಡಿರುತ್ತೇನೆ. ಇಂಥ ಕಿವಿಗೆ ಮುಚ್ಚಳ ಹಾಕುವುದೇ? ಮಾಲಕರು ಎಲ್ಲರಿಗೂ ಕಿವಿಮುಚ್ಚುಗ ತಂದುಕೊಟ್ಟಾಗ ನನ್ನದನ್ನು ಗೋಡೆಯ ಗೂಟಕ್ಕೆ ತೂಗುಹಾಕಿದೆ. ಜೊತೆಗಾರ ಬೊಮ್ಮಯ್ಯ ಮಾತ್ರ ಅಂದಿನಿಂದಲೇ ಹಾಕಿಕೊಂಡ.

“ಏನೋ ಬೊಮ್ಮಯ್ಯ, ಅಂಕೋಲೆಲಿ ಹಿಮ ಬಿತ್ತೇನೋ?” ಎಂದು ಕಿಚಾಯಿಸಿದೆ.

“ನಗಾಡು ಮಾರಾಯಾ. ನಿನ್ ಹೆಂಡ್ತಿ ಫೋನಲ್ಲಿ ಕೂಗುದು ದೂರ ನಿಂತ ನಂಗೆ ಕೇಳ್ತದೆ, ನಿಂಗೇ ಕೇಳುದಿಲ್ಲ!”

ಹೊಟ್ಟೆಕಿಚ್ಚಿನ ಮಾತು ಎಂದು ಬಿಟ್ಟುಬಿಟ್ಟೆ. ನಿಜಕ್ಕೂ ಆಗ ನನಗೆ ಅನಿಸುತ್ತಿದ್ದುದೇ ಬೇರೆ. ಈಚೆಗೆ ಜನರಿಗೆ ಮಾತಾಡುವ ತ್ರಾಣವೇ ಉಳಿದಿಲ್ಲ. ಬಸ್ಸಿನ ಕಂಡಕ್ಟರ್ ಊರಿನ ಹೆಸರು ನುಂಗುತ್ತಾನೆ, ಭಟ್ಟರು ಮಂತ್ರ ನುಂಗುತ್ತಾರೆ, ಟಿವಿಯಲ್ಲಿ ಸುದ್ದಿ ಓದುವ ಹುಡುಗಿಯಂತೂ ಗುಟ್ಟು ಹೇಳುವವಳ ಹಾಗೆ ಪಿಸುಗುಡುತ್ತಾಳೆ. ಪಾಪ, ಊಟ ಮಾಡುವುದಿಲ್ಲವೇನೋ!

ಹೀಗಿರುವಾಗ, ಮಗಳ ಮದುವೆಯಾದ ಮೇಲೆ ಮಾಜಾಳಿಯ ಬೀಗರು ಮೊದಲ ಸಲ ನಮ್ಮಲ್ಲಿ ಊಟಕ್ಕೆ ಬರುವ ದಿನ ಬಂತು. ನಾನು ಮೀನುಪೇಟೆಯಲ್ಲಿದ್ದೆ. ಹೆಂಡತಿ ಸಾವಿತ್ರಿಯ ಫೋನು. “…ಲಿ ತಕಂಡ್ ಬನ್ನಿ, ದೊಡ್ಡದು ನೋಡಿ.”

“ಏನು?” ಎಂದೆ.

“…ಲಿ! …ಲಿ!”

ಮೂರನೆಯ ಸಲ ಕೇಳುವುದಕ್ಕೆ ನನ್ನ ಅಭಿಮಾನ ಒಪ್ಪಲಿಲ್ಲ. “ಗೊತ್ತಾಯ್ತು, ಗೊತ್ತಾಯ್ತು” ಎಂದೆ. ಎದುರಿನ ಬುಟ್ಟಿಯಲ್ಲಿ ತಾರ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಚೀಲ ತುಂಬಿಸಿಕೊಂಡು ಬಂದೆ.

ಸಾವಿತ್ರಿ ಚೀಲ ಬಿಚ್ಚಿದವಳೇ ಹಣೆ ಬಡಿದುಕೊಂಡಳು. “ಅಯ್ಯೋ, ನೊಗ್ಲಿ ಅಂದ್ರೆ ತಾರ್ಲಿ ತಂದ್ರಲ್ರಾ! ಬೀಗ್ರಿಗೆ ತಾರ್ಲಿ ಬಡ್ಸಿದ್ರೆ ನನ್ ಮಗ್ಳು ಆ ಮನೇಲಿ ತಲೆ ಎತ್ತುದು ಹ್ಯಾಂಗೆ?”

ಮತ್ತೆ ಪೇಟೆಗೆ ಓಡೋಣವೆಂದರೆ ಬೀಗರ ರಿಕ್ಷಾ ಅಂಗಳಕ್ಕೇ ಬಂದಿತ್ತು.

ಊಟದ ನಡುವೆ ಬೀಗರು ನನ್ನ ಕಡೆ ಬಾಗಿ ಮೆಲ್ಲಗೆ ಏನೋ ಕೇಳಿದರು. ಮೀನಿನ ವಿಚಾರವೇ ಇರಬೇಕು. ಎದೆಯುಬ್ಬಿಸಿ ಹೇಳಿದೆ: “ಇವತ್ತು ಬೆಳಿಗ್ಗೆದೇ! ಪೂರಾ ತಾಜಾ!”

ಬೀಗರು ಈ ಸಲ ಗಟ್ಟಿಯಾಗಿ ಹೇಳಿದರು: “ಅಲ್ಲ ಬೀಗ್ರೇ, ನಿಮ್ಮ ಕಿವಿ ಮಂದ ಆಗಿದ್ದು ಯಾವಾಗಿಂದ ಅಂತ ಕೇಳ್ದೆ.”

ಮೊದಲು ನಕ್ಕವಳು ಅವರ ಜೊತೆ ಬಂದಿದ್ದ ಮಗಳು. ಮರ್ಯಾದೆಗೆ ಅಂಜಿ ಮುಖ ಬಾಡಿಸಿಕೊಂಡಿದ್ದ ಸಾವಿತ್ರಿಯೂ ಸೆರಗು ಬಾಯಿಗಿಟ್ಟುಕೊಂಡಳು. ಬೀಗರು ಗೋವೆಯ ಫ್ಯಾಕ್ಟರಿಗೆ ಹೋಗಿಬರುವವರು. “ನಮ್ಮಲ್ಲಿ ಕಿವಿಗೆ ಹಾಕದೇ ಇದ್ರೆ ಮಿಷನ್ ಹತ್ರವೇ ಬಿಡುದಿಲ್ಲ. ಹೋದ ಕಿವಿ ತಿರುಗಿ ಬರುದಿಲ್ಲ ಬೀಗ್ರೇ, ಉಳದದ್ದನ್ನ ಕಾಯ್ಕಳಿ. ನಾಳೆ ಮೊಮ್ಮಗು ಹುಟ್ಟಿ ಅಜ್ಜಾ ಅಂತ ಕರೆದ್ರೆ ಕೇಳ್ಬೇಡ್ವಾ?” ಎಂದು ಹೇಳಿ ಇನ್ನೆರಡು ತಾರ್ಲಿ ಹಾಕಿಸಿಕೊಂಡರು. ಕಾರವಾರದ ಕಿವಿ ಡಾಕ್ಟರೂ ಆಮೇಲೆ ಅದನ್ನೇ ಹೇಳಿದರು. ಅವರು ಬೀಗರಿಗಿಂತ ಮೆಲ್ಲಗೆ ಹೇಳಿದ್ದರಿಂದ ಸಾವಿತ್ರಿ ನನಗೆ ತಿರುಗಿ ಹೇಳಬೇಕಾಯಿತು.

ಗೂಟದ ಮೇಲಿನ ಕಿವಿಮುಚ್ಚುಗದ ಧೂಳು ಕೊಡವಿ ಹಾಕಿಕೊಂಡೆ. ಮೊಳೆ ಸಿಕ್ಕರೆ ತಿಳಿಯುವುದಿಲ್ಲವೇನೋ ಎಂಬ ಹೆದರಿಕೆ ಇತ್ತು. ಏನಾಶ್ಚರ್ಯ! ಗರಗಸದ ಅಬ್ಬರ ತಗ್ಗಿದ ಮೇಲೆ ಮೊಳೆಯ ‘ಕಿಣ್’ ಇನ್ನೂ ಚೆನ್ನಾಗಿ ಕೇಳಿತು. ಈಗ ಅದಿಲ್ಲದೆ ಯಾರನ್ನೂ ಮಿಷನ್ ಹತ್ತಿರ ಬಿಡುವವನಲ್ಲ ನಾನು. ಬೊಮ್ಮಯ್ಯನಿಗೂ ಅದನ್ನು ಹಾಕುವ ಸರಿಯಾದ ರೀತಿ ಹೇಳಿಕೊಟ್ಟೆ. ಅವನು ಯಾಕೋ ನನ್ನನ್ನೇ ದುರುಗುಟ್ಟಿ ನೋಡಿದ.

ಸಾವಿತ್ರಿ ಮಾತ್ರ ನನ್ನ ಕಿವಿಯನ್ನು ಇನ್ನೂ ನಂಬಿಲ್ಲ. ಅಂದಿನಿಂದ ಅವಳು ಫೋನಿನಲ್ಲಿ ಹೇಳುವುದು ಬಂಗಡೆ ಇಲ್ಲವೇ ಪಾಂಪ್ಲೆಟ್ ಮಾತ್ರ. ‘ಲಿ’ಯಲ್ಲಿ ಮುಗಿಯುವ ಮೀನು ನಮ್ಮ ಮನೆಗೆ ಬರುವುದು ನಿಂತಿದೆ. ನನಗೋ ತಾರ್ಲಿ ಎಂದರೆ ಪ್ರಾಣ. ಉಳಿದ ಕಿವಿಯನ್ನು ಇಷ್ಟು ಜೋಪಾನವಾಗಿ ಕಾಯುತ್ತಿರುವುದು ಮೊಮ್ಮಗುವಿಗಾಗಿ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಸಾವಿತ್ರಿಯ ಬಾಯಲ್ಲಿ ಮತ್ತೆ ‘ತಾರ್ಲಿ’ ಕೇಳಲು ಅಲ್ಲಿಯವರೆಗೆ ಕಾಯುವ ತಾಳ್ಮೆ ನನ್ನ ನಾಲಿಗೆಗಿಲ್ಲ.