ಬೆಟ್ಟದ ಕಳ್ಳಿಗೆ ಬಿಸಿಲಾಗದು

ಗಂಡಸಿನ ಬೆವರಿಗೆ ಅವನ ಸ್ವಂತ ಮನೆಯಲ್ಲಿ ಬೆಲೆಯಿಲ್ಲ ಎಂಬುದು ನನ್ನ ಅನುಭವ. ಅಬುಧಾಬಿಗೆ ಬಂದ ಲಾಗಾಯ್ತು ನಾನು ಎಸಿಯನ್ನು ಹದಿನೆಂಟಕ್ಕೆ ಇಳಿಸುವವನು, ಹೆಂಡತಿ ಶಾಲಿನಿ ಇಪ್ಪತ್ತಾರಕ್ಕೆ ಏರಿಸುವವಳು. ಅವಳಿಗೆ ಸೊಂಟನೋವು, ನನಗಿರುವುದು ಬರೀ ಸೆಕೆ. ನ್ಯಾಯ ಯಾವ ಕಡೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಹೀಗಿರುವಾಗ ಖಾಲಿದಿಯಾ ಬಡಾವಣೆಯ ನಮ್ಮ ಕಟ್ಟಡದ ಎದುರು ಫ್ಲ್ಯಾಟಿನ ಲಿಲ್ಲಿಬಾಯಿ ಮಗಳ ಬಾಣಂತನಕ್ಕೆಂದು ಮಂಗಳೂರಿಗೆ ಹೊರಟರು. ರಜೆಗೆ ಹೋಗುವವರು ಪಕ್ಕದವರಿಗೆ ಬೀಗದ ಕೈಯನ್ನೂ ಗಿಡಗಳನ್ನೂ ಒಪ್ಪಿಸಿ ಹೋಗುವುದು ಇಲ್ಲಿನ ಪದ್ಧತಿ. ನಮ್ಮ ಪಾಲಿಗೆ ಬಂದದ್ದು ಅಂಗೈಯಗಲದ ಕುಂಡದಲ್ಲಿ ಮೊಗ್ಗು ಹೊತ್ತಿದ್ದ ಪುಟ್ಟ ಕಳ್ಳಿ. ಲಿಲ್ಲಿಬಾಯಿ ನರ್ಸು. ಹಿಂದೊಮ್ಮೆ ಶಾಲಿನಿ ಊರಿನಲ್ಲಿದ್ದಾಗ ನಾನು ಟೈಫಾಯ್ಡ್ ಹಿಡಿದು ಮಲಗಿದ್ದೆ. ದಿನಾ ಡ್ಯೂಟಿ ಮುಗಿಸಿ ಬಂದು, ಕುಚ್ಚಲಕ್ಕಿ ಗಂಜಿ ಕುಡಿಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದವರು ಅವರೇ. ಅವರ ಗಿಡಕ್ಕೆ ಏನಾದರೂ ಆದರೆ ಯಾವ ಮುಖ ಹೊತ್ತು ಬಾಗಿಲು ತೆರೆಯಲಿ?

ಆದ್ದರಿಂದ ಮನೆಯ ಒಳ್ಳೆಯ ಜಾಗವನ್ನೇ ಕೊಟ್ಟೆ. ಕಳ್ಳಿ ಮರುಭೂಮಿಯದು, ನಾವಿರುವುದೂ ಮರುಭೂಮಿ. ಬಾಲ್ಕನಿಯ ಸುಡುಬಿಸಿಲಿನಲ್ಲಿಟ್ಟು, ಅದನ್ನು ತವರಿಗೇ ಕಳಿಸಿಕೊಟ್ಟೆನೆಂದು ಬೀಗಿದೆ. ಗಲ್ಫಿನಲ್ಲಿ ಆಫೀಸಿಗೆ ಒಂಟೆ ಮೇಲೆ ಹೋಗುವುದಾ ಎಂದು ಊರಿನವರು ಕೇಳಿದಾಗ ಸಿಡುಕುವ ಮನುಷ್ಯನೂ ನಾನೇ. ಎರಡೇ ದಿನಕ್ಕೆ ಗಿಡ ಮೆತ್ತಗಾಗಿ ಒಂದು ಬದಿ ಕಂದಿತು. ಶಾಲಿನಿ ಗಾಬರಿಯಿಂದ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಕೂಡಲೇ ಲಿಲ್ಲಿಬಾಯಿಯ ಫೋನು ಬಂತು.

“ಅದು ಮರುಭೂಮಿದ್ದಲ್ಲ ಮಾರಾಯ್ರೆ, ದಕ್ಷಿಣ ಅಮೆರಿಕದ ಬೆಟ್ಟದ್ದು. ಸೆಕೆ ಆಗುದಿಲ್ಲ ಅದಕ್ಕೆ. ಎಸಿ ಹತ್ರ ಕಿಟಕಿಯಲ್ಲಿ ಇಡಿ.”

ಶಾಲಿನಿ ಕುಂಡವನ್ನು ಒಳತಂದು, ಎಸಿಯನ್ನು ಹದಿನೆಂಟಕ್ಕೆ ಇಳಿಸಿ ತಾನು ಶಾಲು ಹೊದ್ದಳು. ವರ್ಷಗಟ್ಟಲೆ ನಾನು ಬೆವರಿದರೂ ಕರಗದ ಮನಸ್ಸು, ಗಿಡವೊಂದು ಬಾಡಿದ್ದಕ್ಕೆ ಕರಗಿತು. ನನಗೆ ಬೇಸರವೇನಿಲ್ಲ. ಆ ಬೇಸಗೆಯಲ್ಲಿ ಮಾಡಿದಂಥ ನಿದ್ದೆಯನ್ನು ನಾನು ಮದುವೆಯಾದ ಮೇಲೆ ಮಾಡಿರಲಿಲ್ಲ. ಕಳ್ಳಿಯೂ ಚೇತರಿಸಿಕೊಂಡು, ತನ್ನ ಮೈಯೇ ಕಾಣದಷ್ಟು ಕೆಂಪು ಹೂ ಬಿಟ್ಟಿತು. ದೇವರು ದೊಡ್ಡವನು ಎಂದುಕೊಂಡೆ.

ಲಿಲ್ಲಿಬಾಯಿ ಹಿಂದಿರುಗಿ ಗಿಡ ಒಯ್ದ ಗಳಿಗೆಯಲ್ಲೇ ಎಸಿ ಇಪ್ಪತ್ತಾರಕ್ಕೇರಿತು. ಮರುದಿನ ಊರಿನ ಹಪ್ಪಳ ಕೊಡಲು ಬಂದವರು ನನ್ನ ಹಣೆಯ ಬೆವರನ್ನೂ ಶಾಲಿನಿಯ ಕೈಯ ರಿಮೋಟನ್ನೂ ನೋಡಿದರು. ತಮ್ಮ ಫ್ಲ್ಯಾಟಿಗೆ ಹೋಗಿ, ಕಳ್ಳಿಯ ಬುಡದಲ್ಲಿದ್ದ ಮರಿಯೊಂದನ್ನು ಪುಟ್ಟ ಕಪ್ಪಿನಲ್ಲಿ ನೆಟ್ಟು ತಂದರು.

“ಇದು ನಿಮಗೇ ಇರಲಿ ಶಾಲಿನಿ. ಮರಿಗೆ ತಂಪು ಇನ್ನೂ ಜಾಸ್ತಿ ಬೇಕು.”

ನರ್ಸಿನ ಮಾತಿಗೆ ನಮ್ಮಲ್ಲಿ ಎದುರಾಡುವವರಿಲ್ಲ. ಅವರು ನನ್ನನ್ನು ಬದುಕಿಸಿದ್ದು ಅದು ಎರಡನೆಯ ಸಲ; ಮನಸ್ಸಿನಲ್ಲೇ ಕೈಮುಗಿದೆ.

ಈಗ ಡಿಸೆಂಬರ್. ಹೊರಗೇ ತಂಪುಗಾಳಿ. ಆದರೂ ಮರಿಗಾಗಿ ಶಾಲಿನಿ ಎಸಿಯನ್ನು ಹದಿನೆಂಟರಿಂದ ಅಲುಗಿಸಿಲ್ಲ. ಎರಡು ಕಂಬಳಿ ಹೊದ್ದು ನಡುಗುತ್ತಿದ್ದೇನೆ. ಸ್ವಲ್ಪ ಏರಿಸು ಎನ್ನಲು ನನಗೆ ಬಾಯಿ ಎಲ್ಲಿದೆ?