ರೈಲಿಲ್ಲದ ಊರಿಗೆ ಬಂದ ಸ್ಟೇಷನ್ ಮಾಸ್ತರ

ನಿವೃತ್ತರಾದ ಮೇಲೆ ಎಲ್ಲಿ ನೆಲೆಸಬೇಕೆಂಬ ಪ್ರಶ್ನೆಗೆ ಬುದ್ಧಿವಂತರು ಮೊದಲೇ ಉತ್ತರ ಹುಡುಕಿಟ್ಟಿರುತ್ತಾರೆ. ಉಳಿದವರ ಪರವಾಗಿ ಅವರ ಹೆಂಡತಿಯರು ಹುಡುಕಿಟ್ಟಿರುತ್ತಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಇಲ್ಲವಾದರೆ ಝಾನ್ಸಿಯ ಸುತ್ತಮುತ್ತ ಸ್ಟೇಷನ್ ಮಾಸ್ತರನಾಗಿ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ, ಎಪ್ಪತ್ತರ ದಶಕದ ಕೊನೆಗೆ ಉಡುಪಿಯಂಥ ಊರಿಗೆ ಬಂದು ಸೇರುವುದಕ್ಕೆ ಬೇರೆ ಕಾರಣವಿರಲಿಲ್ಲ. ಉಡುಪಿಯಲ್ಲಿ ಎಲ್ಲವೂ ಇತ್ತು. ದೇವಸ್ಥಾನ, ಬ್ಯಾಂಕು, ಕಾಲೇಜು, ಮಣಿಪಾಲದ ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆ. ಇಲ್ಲದ್ದು ಒಂದೇ, ರೈಲು. ರೈಲು ನೋಡಬೇಕಿದ್ದರೆ ಮಂಗಳೂರಿಗೆ ಹೋಗಬೇಕು. ಮೀನುಗಾರನೊಬ್ಬ ಬಲೆ ಮಡಚಿಕೊಂಡು ಮರುಭೂಮಿಗೆ ಹೋಗಿ ಮನೆ ಮಾಡಿದ ಹಾಗಾಯಿತು ನನ್ನ ಸ್ಥಿತಿ.

ಹುಟ್ಟಿದ್ದು ನಾನು ಕಾರ್ಕಳದಲ್ಲೇ. ಆದರೆ ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋದವನು, ಅಲ್ಲಿಂದ ರೈಲ್ವೆಯ ಕೈಗೆ ಸಿಕ್ಕಿ ಉತ್ತರಕ್ಕೆ ಹೋದವನು. ಕಾರ್ಕಳದಲ್ಲಿ ನಮ್ಮದು ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಹೆಂಡತಿ ಜಲಜ ಕಾಪುವಿನವಳು, ಅವಳ ಅಕ್ಕನ ಮನೆ ಇನ್ನೂ ಅಲ್ಲೇ ಇತ್ತು. ಎಲ್ಲಿಗೆ ವರ್ಗವಾದರೂ ತುಟಿ ಬಿಚ್ಚದೆ ಪಾತ್ರೆ ಕಟ್ಟಿದವಳು, ನಾನು ನಿವೃತ್ತನಾದಾಗ ಒಂದೇ ಒಂದು ಮಾತು ಕೇಳಿದಳು: "ಇನ್ನು ಸಮುದ್ರ ಇರುವ ಕಡೆ ಹೋಗುವ. ಅಕ್ಕನ ಹತ್ತಿರ ತುಳುವಿನಲ್ಲಿ ಸರಿಯಾಗಿ ಜಗಳವಾಡಿ ಎಷ್ಟು ಕಾಲವಾಯಿತು." ನಾನು ನ್ಯಾಯವಂತ. ಒಂದು ವರ್ಷ ನೋಡೋಣ ಎಂದೆ. ವರ್ಷ ಮುಗಿದಾಗ ನನಗೆ ಒಗ್ಗದಿದ್ದರೆ ಝಾನ್ಸಿಗೆ ವಾಪಸು, ಒಗ್ಗಿದರೆ ಇಲ್ಲೇ. ಝಾನ್ಸಿಯಲ್ಲಿ ನನ್ನ ಸಹೋದ್ಯೋಗಿ ತಿವಾರಿ ತನ್ನ ಮನೆಯ ಕೆಳಭಾಗವನ್ನು ಅಷ್ಟು ದಿನ ಖಾಲಿ ಇಡುವುದಾಗಿ ಒಪ್ಪಿದ. ಅವನ ಕಿಟಕಿಯಿಂದ ರೈಲ್ವೆ ಯಾರ್ಡು ಕಾಣುತ್ತಿತ್ತು. ಸ್ವರ್ಗಕ್ಕೆ ಕಿಟಕಿ ಇದ್ದರೆ ಅದರಿಂದಲೂ ಅದೇ ಕಾಣಬೇಕು ಎಂದು ನನ್ನ ನಂಬಿಕೆ.

ಸಾಮಾನು ಗೂಡ್ಸ್ ವ್ಯಾಗನ್ನಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಲಾರಿ ಹತ್ತಿ, ಮಣಿಪಾಲದ ಗುಡ್ಡ ದಾಟಿ ಪರ್ಕಳದ ಇಳಿಜಾರಿನಲ್ಲಿ ನಾವು ಹಿಡಿದಿದ್ದ ಬಾಡಿಗೆ ಮನೆ ಸೇರಿತು. ಲಾರಿಯಿಂದ ದಪ್ಪ ದಪ್ಪ ರಜಾಯಿಗಳನ್ನು ಇಳಿಸುವಾಗ ಪಕ್ಕದ ಮನೆಯವರು ಬೇಲಿಯ ಬಳಿ ಬಂದು ನಿಂತು, ಇದೆಂತ ಹಾಸಿಗೆಯಾ ಎಂದು ಕೇಳಿದರು. ಹಾಸುವುದಲ್ಲ, ಹೊದೆಯುವುದು ಎಂದೆ. ಅವರು ಒಮ್ಮೆ ರಜಾಯಿಯನ್ನು, ಒಮ್ಮೆ ಬೆವರು ಸುರಿಯುತ್ತಿದ್ದ ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ, ಪುಸ್ತಕ ಓದಿದಂಥ ಕನ್ನಡದಲ್ಲಿ ವಿಚಾರಿಸಿದರು: "ತಾವು ಘಟ್ಟದ ಮೇಲಿನವರೋ?" ಕಾರ್ಕಳದಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ನಾನು ತುಳುವಿನಲ್ಲಿ ಉತ್ತರ ಕೊಡಲು ಬಾಯಿ ತೆರೆದೆ. ಹಿಂದಿ ಹೊರಗೆ ಬಂತು. ಅವರಿಗೆ ಅನುಮಾನ ಉಳಿಯಲಿಲ್ಲ. ಸ್ಟೇಷನ್ ಮಾಸ್ತರ ಎಂದು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಸ್ಟೇಷನ್ನೇ ಇಲ್ಲದ ಊರಿನಲ್ಲಿ ಜನ ಆ ಭಾಗವನ್ನು ಬಿಟ್ಟು ಮಾಸ್ತರನನ್ನು ಮಾತ್ರ ಇಟ್ಟುಕೊಂಡರು. ಒಂದೇ ವಾರದಲ್ಲಿ ನಾನು ಎಲ್ಲರಿಗೂ 'ಮಾಷ್ಟ್ರು' ಆದೆ. ಯಾವ ಶಾಲೆಯಲ್ಲಿದ್ದಿರಿ, ಗಣಿತವೋ ಇಂಗ್ಲಿಷೋ ಎಂದು ಬಹಳ ವರ್ಷ ಕೇಳುವವರಿದ್ದರು.

ಊರು ಕೆಟ್ಟದ್ದೆಂದು ನಾನು ಯಾವತ್ತೂ ಹೇಳಲಿಲ್ಲ. ಬೆಳಗಿನ ಕುಚ್ಚಿಲಕ್ಕಿ ಗಂಜಿ ಹೊಟ್ಟೆಗೆ ಹಳೆಯ ಪರಿಚಯ ನೆನಪಿಸಿತು. ತೊಂದರೆ ಇದ್ದದ್ದು ಬಸ್ಸಿನಲ್ಲಿ. ರೈಲಿಲ್ಲದ ಮೇಲೆ ಮನುಷ್ಯ ಯಾವುದಕ್ಕಾದರೂ ಗಡಿಯಾರ ಸರಿಮಾಡಿಕೊಳ್ಳಬೇಕಲ್ಲ. ಪೆರ್ಡೂರಿನಿಂದ ಉಡುಪಿಗೆ ಹೋಗುವ ಬೆಳಗಿನ ಬಸ್ಸನ್ನು ನಾನು ಇದಕ್ಕೆ ಆರಿಸಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಹಿಡಿದು, ಬಸ್ಸು ಬರುವ ಮೊದಲೇ ನಿಲ್ದಾಣದ ಗೋಳಿಮರದ ಕೆಳಗೆ ನಿಲ್ಲುತ್ತಿದ್ದೆ. ಉಡುಪಿಗೆ ಹೋಗಿ ಪತ್ರಿಕೆ ಓದಿ, ತರಕಾರಿ ಕೊಂಡು, ಮಧ್ಯಾಹ್ನದ ಊಟಕ್ಕೆ ವಾಪಸು ಬರುವುದು ನನ್ನ ದಿನಚರಿ. ಬಸ್ಸು ಸಮಯಕ್ಕೆ ಬರುತ್ತಿತ್ತು, ಸುಳ್ಳು ಹೇಳಬಾರದು. ಬಂದ ಮೇಲೆ ಹೊರಡುತ್ತಿರಲಿಲ್ಲ.

ಯಾಕೆಂದರೆ ಕಾರ್ಮಿಣ ಬಾಯಿ ಇನ್ನೂ ಬಂದಿರುತ್ತಿರಲಿಲ್ಲ. ಊರೆಲ್ಲ ಬಾಯಿ ಎಂದೇ ಕರೆಯುತ್ತಿದ್ದ ಈಕೆ ಹಿತ್ತಲಿನಲ್ಲಿ ಹರಿವೆ, ಬೆಂಡೆ, ಮುಳ್ಳುಸೌತೆ ಬೆಳೆದು ಉಡುಪಿಯಲ್ಲಿ ಮಾರುತ್ತಿದ್ದ ಹೆಂಗಸು. ದನ ಕರೆದು, ಹರಿವೆ ಕಿತ್ತು, ಬುಟ್ಟಿ ಹೊತ್ತು ಗದ್ದೆಯ ಬದುವಿನ ಮೇಲೆ ಆಕೆ ಬರುವುದು ದೂರದಿಂದಲೇ ಕಾಣುತ್ತಿತ್ತು. ಅಷ್ಟು ದೂರದಲ್ಲಿ ಕಾಣುವ ಪ್ರಯಾಣಿಕರನ್ನು ಕಾಯಬೇಕೆಂದು ರೈಲ್ವೆಯ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಕಂಡಕ್ಟರ್ ಸದಾನಂದ ಫುಟ್‌ಬೋರ್ಡಿನಲ್ಲಿ ನಿಂತು, "ಬಾಯಿ ಬರ್ತಾ ಇದ್ದಾರೆ" ಎಂದು ಸಾರಿದರೆ ಡ್ರೈವರ್ ಎಂಜಿನ್ ಆರಿಸಿ ಬೀಡಿ ಹೊತ್ತಿಸುತ್ತಿದ್ದ. ಬಸ್ಸಿನಲ್ಲಿ ಒಬ್ಬರೂ ತಕರಾರು ಮಾಡುತ್ತಿರಲಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಇದೇ ಸದಾನಂದ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನ ಬಸ್ಸಿನವನೊಡನೆ 'ಟೈಮಿಂಗಿ'ಗಾಗಿ ಜಗಳವಾಡುವಾಗ, ಅಣ್ಣತಮ್ಮಂದಿರು ಗದ್ದೆಯ ಗಡಿಗೆ ಹೊಡೆದಾಡಿದ ಹಾಗಿರುತ್ತಿತ್ತು. ನಮ್ಮ ಒಂದು ನಿಮಿಷ ತಿಂದ ಎಂದು ಅಂಗಿ ಹಿಡಿಯುವವನು, ದಾರಿಯಲ್ಲಿ ಅಂಥ ನಿಮಿಷಗಳನ್ನು ಮನೆಮನೆಗೆ ಹಂಚಿಕೊಂಡು ಬಂದಿರುತ್ತಿದ್ದ.

ನಾನು ಸುಮ್ಮನಿರಲಿಲ್ಲ. ಸದಾನಂದನನ್ನು ಪಕ್ಕಕ್ಕೆ ಕರೆದು, ಕಾಯುವುದರಿಂದ ಪ್ರಯಾಣಿಕರು ಕೆಡುತ್ತಾರೆ ಎಂದು ತಿಳಿಸಿ ಹೇಳಿದೆ. ಉದಾಹರಣೆಗೆ ನನ್ನ ಹೆಂಡತಿಯದೇ ಕಥೆ ಹೇಳಿದೆ. ಮದುವೆಯಾದ ಹೊಸತು, ಬೀನಾ ಜಂಕ್ಷನ್ನಿನ ಹತ್ತಿರ ಒಂದು ಸಣ್ಣ ಸ್ಟೇಷನ್ನು. ಜಲಜ ಪೇಟೆಗೆ ಹೋಗುವವಳು ಜಡೆ ಹೆಣೆದುಕೊಂಡು ಬರುವಷ್ಟರಲ್ಲಿ ತಡವಾಯಿತು. ಅವಳು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಓಡಿ ಬರುತ್ತಿರುವುದು ನನಗೆ ಕಾಣುತ್ತಿತ್ತು. ಗಾರ್ಡು ನನ್ನ ಮುಖ ನೋಡಿದ. ನಾನು ಸಿಗ್ನಲ್ ನೋಡಿದೆ. ರೈಲು ಹೋಯಿತು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿಕೊಟ್ಟೆ. ಆ ದಿನದಿಂದ ಜಲಜ ಯಾವ ರೈಲಿಗೂ, ಯಾವ ಮದುವೆಗೂ, ಯಾವ ಊಟಕ್ಕೂ ತಡಮಾಡಿದವಳಲ್ಲ.

ಸದಾನಂದ ಕಥೆಯನ್ನು ಪೂರ್ತಿ ಕೇಳಿ, "ಮತ್ತೆ ಅಮ್ಮ ಎಷ್ಟು ದಿನ ಮಾತಾಡ್ಲಿಲ್ಲ ಮಾಷ್ಟ್ರೇ?" ಎಂದ.

ನಾನು ಹೇಳಿದ್ದರ ತಾತ್ಪರ್ಯ ಅದಲ್ಲ ಎಂದೆ. "ಅಲ್ಲ ಮಾಷ್ಟ್ರೇ, ನಿಮ್ಮ ರೈಲಿಗೆ ಬಾಯಿಯ ಮುಖ ಗೊತ್ತಿಲ್ಲ. ನಮಗೆ ಗೊತ್ತುಂಟಲ್ಲ. ಗೊತ್ತಿದ್ದೂ ಬಿಟ್ಟು ಹೋಗುದು ಹೇಗೆ?" ಎಂದು ಹೇಳಿ ಅವನು ಟಿಕೇಟು ಹರಿಯಲು ಹೋದ. ನಾನು ಅದೇ ದಿನ ಮನೆಗೆ ಬಂದು, ಈ ಊರು ನನಗೆ ಒಗ್ಗುವುದಿಲ್ಲ ಎಂದು ಜಲಜಳಿಗೆ ಪ್ರಕಟಿಸಿದೆ. ಅವಳು ಒಂದು ರಜಾಯಿಯನ್ನು ಬಿಡಿಸಿ ಬಾಳೆಗೊನೆಗೆ ಸುತ್ತುತ್ತಿದ್ದಳು. ಹೀಗೆ ಸುತ್ತಿಟ್ಟರೆ ಬೇಗ ಹಣ್ಣಾಗುತ್ತದಂತೆ, ಅಕ್ಕ ಹೇಳಿದಳಂತೆ. ವರ್ಷ ಮುಗಿಯಲಿ ಎಂದಷ್ಟೇ ಹೇಳಿದಳು.

ವರ್ಷ ಮುಗಿಯಿತು. ತಿವಾರಿ ಪತ್ರ ಬರೆದ. ಬರುವುದಿದ್ದರೆ ಈ ವಾರ ಬಂದು ಮಾತು ಮುಗಿಸು, ಇಲ್ಲದಿದ್ದರೆ ಮನೆಯನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದು. ನಾನು ಪತ್ರವನ್ನು ಗಟ್ಟಿಯಾಗಿ ಓದಿದೆ. ಒಪ್ಪಂದ ನೆನಪುಂಟಲ್ಲ ಎಂದು ಕೇಳಿದೆ. ಉಂಟು ಎಂದಳು ಜಲಜ. ಅಳಲಿಲ್ಲ, ವಾದಿಸಲಿಲ್ಲ. ಬುತ್ತಿಗೆ ಎಂತ ಬೇಕು ಎಂದು ಮಾತ್ರ ಕೇಳಿದಳು. ಶಿಸ್ತಿನ ಸಂಸಾರವೆಂದರೆ ಹೀಗಿರಬೇಕು ಎಂದು ನನಗೆ ಹೆಮ್ಮೆಯಾಯಿತು. ಝಾನ್ಸಿಯ ಮೇಲಿಂದ ದಿಲ್ಲಿಗೆ ಹೋಗುವ ರೈಲು ದಿನವೂ ಇರಲಿಲ್ಲ, ಆ ವಾರಕ್ಕೆ ಒಂದೇ ಉಳಿದಿತ್ತು. ಹಿಂದಿನ ದಿನವೇ ಮಂಗಳೂರಿಗೆ ಹೋಗಿ ಕಾಯುವುದು ರೈಲ್ವೆಯಲ್ಲಿ ನಂಬಿಕೆಯಿಲ್ಲದವರ ಕೆಲಸ. ನಮ್ಮ ಬೆಳಗಿನ ಬಸ್ಸು ಹಿಡಿದು, ಉಡುಪಿಯಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ರೈಲಿಗೆ ಸರಿಯಾಗುತ್ತಿತ್ತು.

ಆ ಬೆಳಿಗ್ಗೆ ಜಲಜ, "ನೀವು ಟ್ರಂಕು ಹಿಡ್ಕೊಂಡು ಮುಂದೆ ನಡೆಯಿರಿ, ಬುತ್ತಿ ಕಟ್ಟಿ ತರ್ತೇನೆ" ಎಂದಳು. ನಾನು ಗೋಳಿಮರದ ಕೆಳಗೆ ನಿಂತೆ. ಆಶ್ಚರ್ಯವೆಂದರೆ ಕಾರ್ಮಿಣ ಬಾಯಿ ಆ ದಿನ ನನಗಿಂತ ಮೊದಲೇ ಬಂದು ಬುಟ್ಟಿ ಇಳಿಸಿ ಕುಳಿತಿದ್ದರು. ಬಸ್ಸು ಬಂತು. ಟ್ರಂಕು ಮೇಲೇರಿತು. ಜಲಜ ಮಾತ್ರ ಬರಲಿಲ್ಲ. ಬಸ್ಸಿನಿಂದ ಇಳಿಜಾರಿನ ನಮ್ಮ ಗೇಟು ಕಾಣುತ್ತಿತ್ತು. ಅವಳು ಗೇಟಿನ ತನಕ ಬಂದಳು, ಪಕ್ಕದ ಮನೆಯವರೊಡನೆ ಏನೋ ಮಾತಾಡಿದಳು, ಒಳಗೆ ಹೋದಳು, ಮತ್ತೆ ಬಂದಳು, ಜಡೆಗೆ ಹೂವು ಸರಿಮಾಡಿಕೊಂಡಳು. ಬುತ್ತಿ ಬೇಡ, ರೈಟ್ ಹೇಳು ಎಂದು ಸದಾನಂದನಿಗೆ ಹೇಳಿದೆ.

"ಎಂತ ಮಾಷ್ಟ್ರೇ, ಅಷ್ಟು ದೂರ ಹೋಗುವವರು ಊಟ ಇಲ್ಲದೆ ಹೋಗುದಾ? ಅಮ್ಮ ಬರ್ತಾ ಇದ್ದಾರಲ್ಲ," ಎಂದ ಅವನು. ಡ್ರೈವರ್ ಎಂಜಿನ್ ಆರಿಸಿದ. ಕಾರ್ಮಿಣ ಬಾಯಿ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಇಡೀ ಬಸ್ಸಿಗೆ ಕೇಳುವ ಹಾಗೆ, "ನನಗೆ ನಿಲ್ಲಿಸಿದ್ದಕ್ಕೆ ಒಂದು ವರ್ಷ ಬೈದರು. ಈಗ ಸ್ವಲ್ಪ ಕೂತ್ಕೊಳ್ಳಲಿ ಮಾಷ್ಟ್ರು," ಎಂದರು. ಬಸ್ಸು ನಕ್ಕಿತು. ನನ್ನ ಹೆಂಡತಿ ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವವಳ ಹಾಗೆ ಹೆಜ್ಜೆಯಿಟ್ಟು ಬಂದು, ಟಿಫಿನ್ ಕ್ಯಾರಿಯರ್ ಕಿಟಕಿಯಿಂದ ಕೊಟ್ಟು, ಜಾಗ್ರತೆ ಎಂದಳು. ಆಮೇಲೆ ಹಿಂದಿನ ಬಾಗಿಲಿನ ಬಳಿ ಸದಾನಂದನಿಗೆ ಏನೋ ಹೇಳುತ್ತಿದ್ದಳು. ನಾನು ಕಿವಿಗೊಡಲಿಲ್ಲ, ಗಡಿಯಾರ ನೋಡುತ್ತಿದ್ದೆ.

ಉಡುಪಿಯಲ್ಲಿ ಎಕ್ಸ್‌ಪ್ರೆಸ್ಸಿನ ಬೆನ್ನು ಮಾತ್ರ ಕಂಡಿತು. ಮುಂದಿನ ಬಸ್ಸು ಕಟಪಾಡಿಯಲ್ಲಿ ಮಲ್ಲಿಗೆಯ ಕಟ್ಟುಗಳು ಬರುವ ತನಕ ನಿಂತಿತು. ಕಾಪುವಿನಲ್ಲಿ ಯಾರದೋ ಮದುವೆಯ ದಿಬ್ಬಣಕ್ಕೆ ನಿಂತಿತು. ಆಮೇಲೆ ಎಲ್ಲೆಲ್ಲಿ ನಿಂತಿತೆಂದು ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಮಂಗಳೂರಿನ ಪ್ಲಾಟ್‌ಫಾರ್ಮಿಗೆ ನಾನು ಕಾಲಿಡುವಾಗ ರೈಲು ಹೊರಡುತ್ತಿತ್ತು. ಟ್ರಂಕು ಹೊತ್ತು ಓಡುತ್ತಿದ್ದ ನನ್ನನ್ನು ಅಲ್ಲಿನ ಸ್ಟೇಷನ್ ಮಾಸ್ತರರು ನೋಡಿದರು, ನೋಡಿ ಸಿಗ್ನಲಿನ ಕಡೆ ತಿರುಗಿದರು. ನಾನೂ ಆ ಕೆಲಸದವನೇ ಎಂದು ಆಮೇಲೆ ಪರಿಚಯ ಹೇಳಿಕೊಂಡೆ. ಹಾಗಾದರೆ ನಿಮಗೆ ಹೇಳಬೇಕಾದ್ದಿಲ್ಲ ಎಂದು ಅವರು ಬಹಳ ಸೌಜನ್ಯದಿಂದ ಬೆಂಚು ತೋರಿಸಿ ಚಹಾ ತರಿಸಿಕೊಟ್ಟರು. ಜೀವಮಾನದಲ್ಲಿ ನನಗೆ ತಪ್ಪಿದ ರೈಲು ಅದೊಂದೇ. ಚಹಾ ಚೆನ್ನಾಗಿತ್ತು, ಆದರೂ ಅರ್ಧಕ್ಕೆ ಬಿಟ್ಟೆ. ಜಲಜ ಅಂದು ಬೀನಾದ ಬಳಿ ಅದನ್ನು ಹೇಗೆ ಕುಡಿದಳೋ ಎಂದು ಮೊದಲ ಬಾರಿಗೆ ಯೋಚನೆ ಬಂತು.

ಹಸಿವಾಗಿ ಬುತ್ತಿ ಬಿಚ್ಚಿದೆ. ಒಂದು ಡಬ್ಬಿಯಲ್ಲಿ ಮೊಸರನ್ನ, ಒಂದು ತುಂಡು ಮಾವಿನ ಉಪ್ಪಿನಕಾಯಿ. ಉಳಿದ ಡಬ್ಬಿಗಳು ಖಾಲಿ. ಝಾನ್ಸಿಯ ದಾರಿಗೆಂದರೆ ಚಪಾತಿ, ಚಟ್ನಿಪುಡಿ, ಅವಲಕ್ಕಿ ಎಂದು ಮೂರು ದಿನಕ್ಕೆ ಸಾಕಾಗುವಷ್ಟು ಕಟ್ಟುತ್ತಿದ್ದವಳು, ಈಗ ಒಂದು ಹೊತ್ತಿನ ಊಟ ಕಟ್ಟಿದ್ದಾಳೆ. ವಯಸ್ಸಾಯಿತು, ಮರೆವು ಬಂತು ಪಾಪ ಎಂದುಕೊಂಡೆ. ಊಟ ಮುಗಿಸಿ, ಇನ್ನೊಂದು ವಾರ ತಾಳು ಎಂದು ತಿವಾರಿಗೆ ತಂತಿ ಕೊಡೋಣವೆಂದು ಸಾಲಿನಲ್ಲಿ ನಿಂತೆ. ಸಾಲು ಉದ್ದವಿತ್ತು. ಇಲ್ಲಿ ನಿಂತರೆ ಉಡುಪಿಯಲ್ಲಿ ಸಂಜೆಯ ಪೆರ್ಡೂರು ಬಸ್ಸು ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ತಂತಿಯೋ ಬಸ್ಸೋ ಎಂದು ಅರೆಗಳಿಗೆ ನಿಂತೆ. ಕಾಲುಗಳು ಬಸ್ಸಿನ ಕಡೆ ಹೊರಟವು. ಯಾಕೆಂದು ಅವುಗಳನ್ನು ನಾನು ಕೇಳಲಿಲ್ಲ.

ಉಡುಪಿಗೆ ಬಂದಾಗ ಆ ಬಸ್ಸು ಹೊರಡುವ ಸಮಯ ದಾಟಿತ್ತು. ಬಸ್ಸು ಅಲ್ಲೇ ಇತ್ತು. ಹಿಂದಿನ ಬಸ್ಸಿನವನು ಹಾರ್ನು ಒತ್ತಿ ಒತ್ತಿ ಬೊಬ್ಬೆ ಹೊಡೆಯುತ್ತಿದ್ದ, ಸದಾನಂದ ಅಂಗಿಯ ತೋಳೇರಿಸಿ ಅವನೊಡನೆ ಜಗಳಕ್ಕೆ ನಿಂತಿದ್ದ. ನನ್ನನ್ನು ಕಂಡವನೇ ಜಗಳವನ್ನು ಅರ್ಧಕ್ಕೆ ಬಿಟ್ಟು ಟ್ರಂಕು ತೆಗೆದುಕೊಂಡ. ಕಿಟಕಿಯ ಪಕ್ಕದ ಸೀಟಿನ ಮೇಲೆ ಅವನ ಹೆಗಲ ಮೇಲಿರುತ್ತಿದ್ದ ಬೈರಾಸು ಹಾಸಿತ್ತು. ಬಸ್ಸಿನಲ್ಲಿ ಜನ ನಿಂತಿದ್ದರೂ ಅಲ್ಲಿ ಯಾರೂ ಕುಳಿತಿರಲಿಲ್ಲ.

"ಕೂತ್ಕೊಳ್ಳಿ ಮಾಷ್ಟ್ರೇ. ಸಂಜೆ ವಾಪಸ್ ಬರ್ತಾರೆ, ಒಂದು ಜಾಗ ಇಡು ಮಾರಾಯ ಅಂತ ಅಮ್ಮ ಬೆಳಿಗ್ಗೆಯೇ ಹೇಳಿದ್ದಾರೆ."

ಬಸ್ಸು ಮಣಿಪಾಲದ ಗುಡ್ಡ ಹತ್ತತೊಡಗಿತು. ಮೊಸರನ್ನ, ಹೂವು, ಪ್ರದಕ್ಷಿಣೆಯ ನಡಿಗೆ, ಎಂದೂ ಇಲ್ಲದ ಹಾಗೆ ಮೊದಲೇ ಬಂದು ಕುಳಿತಿದ್ದ ಕಾರ್ಮಿಣ ಬಾಯಿ, ಎಲ್ಲವೂ ಒಂದರ ಹಿಂದೊಂದು ಬೋಗಿಗಳ ಹಾಗೆ ಬಂದು ಸೇರಿಕೊಂಡವು. ಎಂದೂ ತಡಮಾಡದ ಹಾಗೆ ನಾನೇ ತಯಾರು ಮಾಡಿದ ಹೆಂಗಸು. ತಡಮಾಡಲು ಒಂದು ದಿನ ಆರಿಸಿಕೊಂಡಾಗ ಎಷ್ಟು ತಡಮಾಡಬೇಕೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಅದೂ ನನ್ನದೇ ತರಬೇತಿ.

ಮನೆಯಲ್ಲಿ ಇಬ್ಬರಿಗೂ ಅನ್ನವಾಗಿತ್ತು. ರೈಲು ಹೋಯಿತಾ ಎಂದು ಕೇಳಿದಳು. ಹೋಯಿತು ಎಂದೆ. "ಸರಿಯಾದ ಸಮಯಕ್ಕಾ?" "ಸರಿಯಾದ ಸಮಯಕ್ಕೆ." ಹಾಗಿದ್ದರೆ ಒಳ್ಳೆಯದಾಯಿತು, ನಿಮಗೆ ಬೇಕಾದ್ದೂ ಅದೇ ಅಲ್ವಾ ಎಂದು ಹೇಳಿ ಸಾರು ಬಡಿಸಿದಳು. ಊಟವಾದ ಮೇಲೆ ರಜಾಯಿಯಲ್ಲಿ ಸುತ್ತಿಟ್ಟಿದ್ದ ಹೊಸ ಗೊನೆಯ ಬಾಳೆಹಣ್ಣು ಕೊಟ್ಟಳು. ನಿಜಕ್ಕೂ ಚೆನ್ನಾಗಿ ಹಣ್ಣಾಗಿತ್ತು. ತಿವಾರಿಗೆ ತಂತಿ ಹೋಗಲಿಲ್ಲ. ಕೆಲವು ದಿನಗಳ ಮೇಲೆ, ಕಿಟಕಿಯ ಬಳಿ ಬೇರೆಯವರನ್ನು ಕೂರಿಸು ಎಂದು ಒಂದು ಕಾರ್ಡು ಹಾಕಿದೆ.

ಇದಾಗಿ ಸಾಕಷ್ಟು ಮಳೆಗಾಲಗಳು ಹೋದವು. ನನ್ನ ತುಳು ಈಗ ಜಗಳವಾಡುವ ಮಟ್ಟಕ್ಕೆ ಬಂದಿದೆ, ಆದರೆ ಕಾಪುವಿನ ಅಕ್ಕನೆದುರು ಇನ್ನೂ ನಿಲ್ಲುವುದಿಲ್ಲ. ಇತ್ತೀಚೆಗೆ ಈ ಕಡೆ ರೈಲು ಹಾಕುತ್ತಾರಂತೆ, ಅಳತೆಯವರು ಬಂದು ಗೂಟ ಹೊಡೆದು ಹೋದರಂತೆ ಎಂದು ಬಸ್ಸಿನಲ್ಲಿ ಮಾತು. ನಾನು ರೈಲಿನ ಮಾಷ್ಟ್ರು ಎಂಬುದು ಕೊನೆಗೂ ಜನರ ತಲೆಗೆ ಹೋಗಿದೆ, ಹಾಗಾಗಿ ಅಭಿಪ್ರಾಯ ಕೇಳುತ್ತಾರೆ. ನಮಗೆ ರೈಲು ಯಾಕೆ ಮಾರಾಯ್ರೆ, ಅದು ಕಾರ್ಮಿಣ ಬಾಯಿಗೆ ನಿಲ್ಲುವುದುಂಟಾ ಎನ್ನುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಕಾರ್ಮಿಣ ಬಾಯಿ ಮಾತ್ರ ಬುಟ್ಟಿಯ ಹಿಂದಿನಿಂದ ನನ್ನನ್ನೇ ನೋಡಿ ನಗುತ್ತಾರೆ. ಯಾಕೆಂದರೆ ಮಂಡಿನೋವು ಬಂದ ಮೇಲೆ ನಮ್ಮ ಗೇಟಿನಿಂದ ಗೋಳಿಮರಕ್ಕೆ ನಡೆದು ಬರಲು ನನಗೆ ಬಹಳ ಹೊತ್ತು ಬೇಕಾಗುತ್ತದೆ, ಮತ್ತು ಬೆಳಿಗ್ಗೆ ಕಿಟಕಿಯಿಂದ ತಲೆ ಹೊರಹಾಕಿ "ನಿಲ್ಲು ಸದಾನಂದ, ಮಾಷ್ಟ್ರು ಬರ್ತಾ ಇದ್ದಾರೆ" ಎಂದು ಕೂಗುವವರು ಅವರೇ.