ಅನುಮಾನದ ಮಾವ, ಕಡಲ ಹಕ್ಕಿ

ನಮ್ಮ ಮಾವ ಬೆಳಗಾಯಿತೆಂದರೂ ಸುಮ್ಮನೆ ನಂಬುವವರಲ್ಲ. ಅಂಗಳಕ್ಕಿಳಿದು, ಹಣೆಗೆ ಕೈ ಅಡ್ಡ ಹಿಡಿದು, ಸೂರ್ಯನನ್ನು ಸ್ವತಃ ವಿಚಾರಿಸಿಕೊಂಡ ಮೇಲೆಯೇ ಅವರಿಗೆ ಚಹಾ! ಅವರ ಬಳಿ ಏನೇ ಹೇಳಿ, ಉತ್ತರ ಒಂದೇ: "ಯಾರು ಹೇಳಿದ್ದು ನಿನಗೆ?" ಉಡುಪಿಯ ಬಸ್ಸು ಬಂತು ಎಂದರೂ ಅದೇ, ಇವತ್ತು ನಿಮ್ಮ ಹುಟ್ಟುಹಬ್ಬ ಎಂದರೂ ಅದೇ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮದುವೆಯಾಗಲಿಲ್ಲ. ಹುಡುಗಿಯ ಕಡೆಯವರಿಗೆ ಅವರು ಹಾಕಿದ ಪ್ರಶ್ನೆಗಳನ್ನು ನೆನೆದರೆ, ಹೇಗೆ ಆದೀತು ಹೇಳಿ? ಕಾಪುವಿನ ಕಡಲಿನಲ್ಲಿ ಮೀನಿನ ದೋಣಿಗೆ ಹೋಗುತ್ತಿದ್ದವರು ಈಗ ಅಲೆವೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಗೇಟಿಗೆ ಮೀನು ಬಂದರೆ ಒಂದೊಂದರ ಕಿವಿರು ಎತ್ತಿ, ಕೆಂಪಗಿದೆಯೇ ಎಂದು ನೋಡದೆ ಬಿಡುವುದಿಲ್ಲ. ಕಾರ್ಕಳದ ಒಂದು ಮದುವೆಯ ಔತಣದಲ್ಲಿ ಅಂಜಲ್ ಮೀನಿನ ಫ್ರೈ ಬಡಿಸಿದರು. ಹುರಿದ ತುಂಡಿಗೆ ಕಿವಿರು ಎಲ್ಲಿಂದ ಬರಬೇಕು? ಮಾವ ಊಟ ಬಿಟ್ಟೆದ್ದು ಸೀದಾ ಅಡುಗೆಯವನ ಹತ್ತಿರ ಹೋಗಿ, "ಇದರ ತಲೆ ಎಲ್ಲುಂಟು?" ಎಂದರು. ಯಾವುದೋ ಇಲಾಖೆಯವರಿರಬೇಕೆಂದು ಹೆದರಿದ ಆತ ತಲೆಗಳನ್ನೆಲ್ಲ ಕಟ್ಟಿಕೊಟ್ಟುಬಿಟ್ಟ. ಮರುದಿನ ನಮ್ಮ ಮನೆಯಲ್ಲಿ ತಲೆಯದೇ ಸಾರು!

ಇಷ್ಟೆಲ್ಲ ನಗುವ ನಾವು ಒಂದು ವಿಷಯಕ್ಕೆ ಮಾತ್ರ ನಗುವುದಿಲ್ಲ. ನನ್ನ ಅಪ್ಪ ಮತ್ತು ಮಾವ ಒಂದೇ ದೋಣಿಯವರು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಒಂದು ಬೆಳಿಗ್ಗೆ, ಜ್ವರ ಬಂದು ಮಲಗಿದ್ದ ಮಾವ, "ಆಕಾಶ ತಿಳಿಯಾಗುಂಟು, ನೀನು ಹೋಗಿ ಬಾ ಭಾವ" ಎಂದರಂತೆ. ಕಡಲಿಗೆ ಹೋದ ಅಪ್ಪ ಮರಳಿ ಬರಲಿಲ್ಲ. ಅಂದಿನಿಂದ ಮಾವ ಕಾಪುವಿನ ಮರಳು ತುಳಿದಿಲ್ಲ. ಅಮ್ಮ ಎಷ್ಟು ಕರೆದರೂ ಇಲ್ಲ.

ಹೀಗಿರುವಾಗ, ಹೋದ ಮಳೆಗಾಲದಲ್ಲಿ, ರಾತ್ರಿಯಿಡೀ ಗಾಳಿ ಬೀಸಿದ ಮರುದಿನ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಹಕ್ಕಿ! ನವಿಲಾಗಿದ್ದರೆ ನಮ್ಮಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ಬೇರೆ. ಕಂದು ಬೆನ್ನು, ಬಿಳಿ ಹೊಟ್ಟೆ, ಭರ್ಚಿಯಂಥ ಕೊಕ್ಕು, ಬಾತುಕೋಳಿಯ ಪಾದ. ಮಾವ ಕೊಡೆ ಹಿಡಿದು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದರೆದುರು ಕೂತು ವಿಚಾರಣೆ ಶುರು ಮಾಡಿದರು.

"ನೀನು ನಡುಗಡಲಿನವ. ಇಲ್ಲಿ ಎಂತ ಕೆಲಸ ನಿನಗೆ? ಯಾರು ಕಳಿಸಿದ್ದು?"

ಹಕ್ಕಿ ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ ಅವರನ್ನು ನೋಡಿತು. ಮಾವ ಮೀನು ನೋಡುವುದೂ ಹೀಗೆಯೇ!

"ಪಾಪ ಅಣ್ಣ, ದಣಿದಿದೆ ಅದು," ಎಂದರು ಅಮ್ಮ.

"ಯಾರು ಹೇಳಿದ್ದು ನಿನಗೆ? ನಾಟಕ ಇರಬಹುದು."

ನಾನು ಅರಣ್ಯ ಇಲಾಖೆಗೆ ಫೋನು ಮಾಡಿದೆ. ಗಾಯವಿಲ್ಲದಿದ್ದರೆ ಇವತ್ತು ಸುಧಾರಿಸಿಕೊಳ್ಳಲಿ, ನಾಳೆ ಕಾಪು ಕಡಲತೀರಕ್ಕೆ ತನ್ನಿ, ನಾವೂ ಬರುತ್ತೇವೆ ಎಂದರು. ಕಾಪು ಎಂದು ನಾನು ಹೇಳಿದ್ದೇ ತಡ, ಮಾವ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಅಮ್ಮ ಫ್ರಿಜ್ಜಿನ ಬಂಗುಡೆ ತಂದಿಟ್ಟರು. ಹಕ್ಕಿ ಓರೆಗಣ್ಣಿನಿಂದ ನೋಡಿ ಮುಖ ತಿರುಗಿಸಿತು. ಕಿಟಕಿಯಿಂದ ಇಣುಕುತ್ತಿದ್ದ ಮಾವ ಹೊರಗೋಡಿ ಬಂದರು. "ನೋಡಿದೆಯಾ! ಐಸಿನದ್ದೆಂದು ಇದಕ್ಕೆ ಗೊತ್ತಾಯಿತು! ಇದು ನಮ್ಮವನೇ ಮಾರಾಯ್ತಿ!" ಮಳೆಯಲ್ಲೇ ಉಡುಪಿ ಮಾರ್ಕೆಟಿಗೆ ಹೋಗಿ ನಾಡದೋಣಿಯ ತಾಜಾ ಬೂತಾಯಿ ಮೀನು ತಂದರು. ಒಂದೊಂದರ ಕಿವಿರು ಎತ್ತಿ ಹಕ್ಕಿಗೆ ತೋರಿಸಿಯೇ ಕೊಟ್ಟರು. ಅದು ಗುಳುಂ ಎನಿಸಿತು. ನಾನು ಕೊಡಹೋದರೆ ಕೈಗೇ ಕುಟುಕಿತು! ಸಂಜೆ ಮಾವ ತಮ್ಮ ಹೆಗಲ ಮೇಲಿನ ಬೈರಾಸಿನಿಂದ ಅದರ ಮೈ ಒರೆಸುತ್ತಾ, "ದಣಿದು ದೋಣಿಗೆ ಬಂದ ಹಕ್ಕಿಯನ್ನು ನಾವು ಓಡಿಸುತ್ತಿರಲಿಲ್ಲ. ನಿನ್ನ ಅಪ್ಪ ತನ್ನ ಪಾಲಿನ ಮೀನು ಕೊಡುತ್ತಿದ್ದ," ಎಂದರು. ಅಪ್ಪನ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಗೆ ಹಾಕಲು ಮಾವನೇ ಬೇಕಾಯಿತು, ಆಟೋದಲ್ಲಿ ಹಿಡಿದು ಕೂರಲೂ ಮಾವನೇ. ಕಾಪುವಿನಲ್ಲಿ ರಸ್ತೆ ಮುಗಿದು ಮರಳು ಶುರುವಾಗುವಲ್ಲಿ ಅವರು ನಿಂತುಬಿಟ್ಟರು. ಇಲಾಖೆಯವರು ಪೆಟ್ಟಿಗೆಗೆ ಕೈ ಚಾಚಿದರು. ಮಾವ ಕೊಡಲಿಲ್ಲ. ಬಹಳ ಹೊತ್ತು ಆಕಾಶವನ್ನೇ ನೋಡಿದರು. ಆಮೇಲೆ ಚಪ್ಪಲಿ ಕಳಚಿಟ್ಟು ಮರಳಿಗೆ ಇಳಿದರು.

ನೀರಿನಂಚಿಗೆ ಹೋಗಿ ಪೆಟ್ಟಿಗೆ ತೆರೆದರು. "ಹೋಗಿ ಬಾ," ಎನ್ನಹೊರಟವರು ಅಲ್ಲಿಗೇ ತಡೆದು, "ಜಾಗ್ರತೆ ಮಾರಾಯ," ಎಂದರು. ಹಕ್ಕಿ ಅಲೆಗಳನ್ನು ಅನುಮಾನದಿಂದ ನೋಡಿ, ರೆಕ್ಕೆ ಬಿಚ್ಚಿ, ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಾ ದೂರ ದೂರ ಹೋಯಿತು. ಅದು ಕಾಣದಾದ ಮೇಲೂ ಮಾವ ಅತ್ತಲೇ ನೋಡುತ್ತಿದ್ದರು. ಅಲೆ ಬಂದು ಅವರ ಪಂಚೆ ಒದ್ದೆಯಾಯಿತು.

"ಮನೆ ಮುಟ್ಟುತ್ತದಾ ಮಗಾ ಅದು?"

"ಮುಟ್ಟುತ್ತದೆ ಮಾವ."

ಮಾವ ನನ್ನ ಮುಖ ನೋಡಿದರು. ಯಾರು ಹೇಳಿದ್ದು ನಿನಗೆ ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಬೈರಾಸಿನಿಂದ ಕಣ್ಣೊರೆಸಿಕೊಂಡು, "ಹಾಗಾದರೆ ಸರಿ," ಎಂದರು.